ತಂದೆಯ ಸತ್ಯ, ಮಗನ ಪ್ರಾಣ

ಮಕ್ಕಳಿಗೆಂದೇ ಪ್ರತ್ಯೇಕವಾಗಿ ಚಲನಚಿತ್ರಗಳನ್ನು ನಿರ್ಮಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲ ಬೇರೂರಲಿಲ್ಲ; ಅದರ ಅಗತ್ಯವೂ ಅಷ್ಟಾಗಿ ಯಾರಿಗೂ ತೋರಿದಂತಿಲ್ಲ. ಮೋಡಗಳ ನಡುವೆ ಸಭೆ ಸೇರುವ ದೇವತೆಗಳು, ಕಮಂಡಲುವಿನ ನೀರನ್ನು ಚಿಮುಕಿಸಿ ಶಾಪ ಕೊಡುವ ಋಷಿಗಳು, ನಿಂತ ನೆಲದಲ್ಲಿಯೇ ಮಾಯವಾಗಿ ಮತ್ತೊಂದು ಲೋಕದಲ್ಲಿ ಮೂಡುವ ನಾರದರು, ಇವರೆಲ್ಲರ ಬಾಯಲ್ಲಿ ಮಾತಿಗಿಂತ ಮೊದಲು ಹೊರಡುವ ಹಾಡುಗಳು, ಇಷ್ಟೂ ಪೌರಾಣಿಕ ಚಿತ್ರಗಳಲ್ಲಿ ಹೇರಳವಾಗಿ ದೊರೆಯುತ್ತಿದ್ದುದರಿಂದ ಅವೇ ನಮ್ಮ ಮಕ್ಕಳ ಅದ್ಭುತಲೋಕವಾಗಿದ್ದುವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ದೊಡ್ಡ ಊರುಗಳ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತೆಂದರೆ, ಸುತ್ತಲ ಹಳ್ಳಿಗಳವರು ಗಾಡಿ ಕಟ್ಟಿಕೊಂಡು, ಹಸುಗೂಸುಗಳನ್ನು ಮಡಿಲಲ್ಲಿರಿಸಿಕೊಂಡು, ತೆರೆಯ ಮುಂದಿನ ಮರಳಿನ ಮೇಲೆ ನೆರೆಯುತ್ತಿದ್ದರು. ಆ ನೆರವಿಯಲ್ಲಿ ಎಲ್ಲರಿಗಿಂತ ಮುಂದೆ, ಕತ್ತನ್ನು ಮೇಲೆತ್ತಿ ಕುಳಿತಿರುತ್ತಿದ್ದವರು ಮಕ್ಕಳು. ಅಂತಹ ಮಕ್ಕಳಲ್ಲಿ ಒಬ್ಬನಾಗಿ ನೋಡಿದ್ದ ‘ಸತ್ಯ ಹರಿಶ್ಚಂದ್ರ’ವನ್ನು ಈಚೆಗೆ ಮತ್ತೊಮ್ಮೆ ಆದ್ಯಂತವಾಗಿ ನೋಡುವ ಅವಕಾಶ ಒದಗಿತು. ನೋಡಿದ ಮೇಲೆ ಮನಸ್ಸಿನಲ್ಲಿ ಎದ್ದು, ಇಂದಿಗೂ ಪೂರ್ತಿಯಾಗಿ ಶಮನಗೊಳ್ಳದಿರುವ ಧರ್ಮಜಿಜ್ಞಾಸೆಯೊಂದನ್ನು ಓದುಗರ ಮುಂದಿಡುವುದೇ ಈ ಬರೆಹದ ಉದ್ದೇಶ.

ಆ ಚಿತ್ರ 1965ರದು. ಅದರ ನಿರ್ದೇಶಕರಾದ ಹುಣಸೂರು ಕೃಷ್ಣಮೂರ್ತಿಯವರು ಹೆಸರಿನಲ್ಲಿ ಹೊತ್ತುಕೊಂಡಿದ್ದ ಊರಿನವರೇ. 1914ರಲ್ಲಿ, ಲಕ್ಷ್ಮಣತೀರ್ಥ ಹರಿಯುವ ಆ ಊರಿನಲ್ಲಿ ಜನಿಸಿ, ವೃತ್ತಿನಾಟಕ ಕಂಪನಿಗಳಲ್ಲಿ ಪಳಗಿ, ಅಲ್ಲಿ ಕಲಿತ ಮಾತಿನ ಗತ್ತನ್ನೂ ಹಾಡಿನ ಹದವನ್ನೂ ಚಿತ್ರರಂಗಕ್ಕೆ ಕೊಂಡೊಯ್ದವರು. ಕೆ. ವಿ. ರೆಡ್ಡಿಯವರ ನಿರ್ಮಾಣ, ಪೆಂಡ್ಯಾಲ ನಾಗೇಶ್ವರರಾವ್ ಅವರ ಸಂಗೀತ. ಹರಿಶ್ಚಂದ್ರನಾಗಿ ರಾಜ್‌ಕುಮಾರ್, ಚಂದ್ರಮತಿಯಾಗಿ ಪಂಡರೀಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಮೈಸೂರಿನ ಎಂ. ಪಿ. ಶಂಕರ್. ಕನ್ನಡದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪತಿಗಳ ರಜತಪದಕವನ್ನು ಪಡೆದ ಈ ಕಪ್ಪುಬಿಳುಪಿನ ಚಿತ್ರ 2008ರಲ್ಲಿ ಬಣ್ಣ ತಳೆದು ಮತ್ತೆ ತೆರೆ ಕಂಡಿತು. ಬಣ್ಣದಿಂದ ಅದರ ಬೆಲೆ ಹೆಚ್ಚಿತೆಂದು ನನಗೆ ಅನ್ನಿಸಲಿಲ್ಲ. ಶ್ಮಶಾನದ ದೃಶ್ಯಗಳಿಗೆ ಕಪ್ಪುಬಿಳುಪೇ ಸಹಜವಾದ ಉಡುಗೆ. ಆದರೆ ಹೊಸ ತಲೆಮಾರಿನ ಮಕ್ಕಳನ್ನು ಅದು ಚಿತ್ರಮಂದಿರಕ್ಕೆ ಕರೆತಂದಿತು. ಆ ಮಕ್ಕಳ ದೃಷ್ಟಿಯಿಂದಲೇ ನನ್ನ ಪ್ರಶ್ನೆ ಹುಟ್ಟುವುದು.

ಎಳೆಯರಾಗಿದ್ದಾಗ ಈ ಚಿತ್ರದಲ್ಲಿ ನಾವು ಯಾರನ್ನು ನೋಡುತ್ತಿದ್ದೆವು? ರಾಜನನ್ನಲ್ಲ, ಋಷಿಯನ್ನೂ ಅಲ್ಲ. ನಮ್ಮಷ್ಟೇ ಎತ್ತರವಿದ್ದ, ರಾಜನ ಮಗ ಲೋಹಿತಾಶ್ವನನ್ನು. ಅರಮನೆಯನ್ನು ಬಿಟ್ಟು ಹೊರಟಾಗ ಅವನ ಕಾಲು ನೋಯುವುದನ್ನು, ಅವನಿಗೆ ಹಸಿವಾಗುವುದನ್ನು, ಕಾಶಿಯ ಬೀದಿಯಲ್ಲಿ ತಾಯಿಯೊಡನೆ ಅವನೂ ವಿಕ್ರಯವಾಗುವುದನ್ನು, ಕಡೆಗೆ ಕಾಡಿನಲ್ಲಿ ಹಾವು ಕಚ್ಚಿ ಬೀಳುವುದನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು. ಪ್ರಾಯ ಬಂದು ಕಾವ್ಯಪುರಾಣಗಳ ಪರಿಚಯವಾದ ಮೇಲೆ ದೃಷ್ಟಿ ತಾನಾಗಿ ಹರಿಶ್ಚಂದ್ರನ ಕಡೆಗೆ ಸರಿಯಿತು. ಎಲ್ಲವನ್ನೂ ಕಳೆದುಕೊಂಡರೂ ನುಡಿಯನ್ನು ಕಳೆದುಕೊಳ್ಳದ ಮಹಾಪುರುಷನ ಧೈರ್ಯವೇ ಕಥೆಯ ಸಾರವೆಂದು ಓದಿದೆವು, ಓದಿಸಿಕೊಂಡೆವು. ಈಗ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಂಡ ವಯಸ್ಸಿನಲ್ಲಿ ಚಿತ್ರವನ್ನು ನೋಡುವಾಗ ನನ್ನ ಕಣ್ಣು ಪುನಃ ಆ ಹುಡುಗನನ್ನೇ ಅರಸಿತು. ಸತ್ಯವನ್ನು ಪಾಲಿಸುತ್ತೇನೆಂದು ಸಂಕಲ್ಪ ಮಾಡಿದವನು ತಂದೆ. ಅದಕ್ಕೆ ಪ್ರಾಣವನ್ನು ತೆತ್ತವನು ಮಗ. ಒಬ್ಬನ ವ್ರತಕ್ಕೆ ಇನ್ನೊಬ್ಬನು, ಅದರಲ್ಲಿಯೂ ಆ ವ್ರತದ ಅರ್ಥವನ್ನೇ ತಿಳಿಯಲಾರದ ಶಿಶುವು, ಬೆಲೆ ತೆರಬೇಕಾಗಿ ಬಂದರೆ, ಆ ವ್ರತದ ಪುಣ್ಯ ಯಾರದು? ಅದನ್ನು ಪುಣ್ಯವೆಂದು ಕರೆಯುವುದು ನ್ಯಾಯವೆ?

ಈ ಪ್ರಶ್ನೆ ಕೃಷ್ಣಮೂರ್ತಿಯವರ ಮನಸ್ಸನ್ನು ಜೀವಮಾನವೆಲ್ಲ ಕಾಡಿರಬೇಕೆಂದು ನನಗೆ ತೋರುತ್ತದೆ. ಅವರ ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ ಇದು ಕಾಣದಿರದು. 1974ರ ‘ಭಕ್ತ ಕುಂಬಾರ’ದಲ್ಲಿ ಗೋರಾ ಕುಂಬಾರನು ಪಾಂಡುರಂಗನ ನಾಮಸ್ಮರಣೆಯಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುವಾಗ ಅಂಬೆಗಾಲಿಡುತ್ತ ಬಂದ ಅವನ ಕೂಸು ಅವನ ಕಾಲಡಿಯಲ್ಲಿಯೇ ಸಿಕ್ಕಿ ಸಾಯುತ್ತದೆ. 1980ರ ‘ಭಕ್ತ ಸಿರಿಯಾಳ’ದಲ್ಲಿ ಜಂಗಮವೇಷದಿಂದ ಬಂದ ಶಿವನ ಊಟಕ್ಕೆಂದು ತಂದೆತಾಯಿಗಳು ಹೆತ್ತ ಮಗನನ್ನೇ ಅರ್ಪಿಸುತ್ತಾರೆ. ಇವೆರಡರ ನಡುವೆ, 1977ರಲ್ಲಿ ಬಂದ ‘ಬಬ್ರುವಾಹನ’ದಲ್ಲಿ ಮಾತ್ರ ಕಥೆ ತಿರುಗಿ ನಿಲ್ಲುತ್ತದೆ: ತಾಯಿಯನ್ನು ಹೀಯಾಳಿಸಿದ ತಂದೆಯ ಮೇಲೆ ಮಗನು ಬಿಲ್ಲೆತ್ತುತ್ತಾನೆ, ತಂದೆ ಬೀಳುತ್ತಾನೆ. ಈ ನಾಲ್ಕು ಕಥೆಗಳಲ್ಲಿಯೂ ಸತ್ತವರು ಕಡೆಯಲ್ಲಿ ಎದ್ದು ಕುಳಿತುಕೊಳ್ಳುತ್ತಾರೆ. ದೇವರ ಕೃಪೆಯೋ ನಾಗಲೋಕದ ಮಣಿಯೋ ಅವರನ್ನು ಬದುಕಿಸುತ್ತದೆ. ಕಥಾವಸ್ತುಗಳೆಲ್ಲ ಪರಂಪರೆಯಿಂದ ಬಂದವೇ ಹೊರತು ನಿರ್ದೇಶಕರ ಸ್ವಕಪೋಲಕಲ್ಪಿತವಲ್ಲವೆಂಬುದು ನಿಜ. ಆದರೂ ಪುರಾಣಸಾಗರದಲ್ಲಿ ಮುಳುಗಿ ಇವನ್ನೇ ಆರಿಸಿ ತಂದವರ ಒಲವಿನಲ್ಲಿ ಏನೋ ಒಂದು ತಳಮಳವಿದ್ದಿರಲೇಬೇಕು.

ಪರಂಪರೆಯ ಆದಿಯಲ್ಲಿ ಈ ಕಥೆ ಹೇಗಿದ್ದಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣದ ಹರಿಶ್ಚಂದ್ರನು ಸತ್ಯಸಂಧನೆಂದು ಹೊಗಳಿಸಿಕೊಂಡವನಲ್ಲ. ಆಡಿದ ಮಾತನ್ನು ಮುಂದೂಡುತ್ತ ಹೋದವನು. ಮಕ್ಕಳಿಲ್ಲದ ಆ ದೊರೆ ವರುಣನಿಗೆ ಹರಕೆ ಹೊರುತ್ತಾನೆ: ಮಗ ಹುಟ್ಟಿದರೆ ಆ ಮಗನಿಂದಲೇ ನಿನ್ನನ್ನು ಯಜಿಸುತ್ತೇನೆಂದು. ಪುರಾಣದಲ್ಲಿ ಲೋಹಿತಾಶ್ವನಾದ ರೋಹಿತನು ಹುಟ್ಟಿದೊಡನೆ ವರುಣನು ಬಂದು ಹರಕೆಯನ್ನು ಕೇಳಿದರೆ, ಹತ್ತು ದಿನ ಕಳೆಯಲಿ ಎನ್ನುತ್ತಾನೆ. ಆಮೇಲೆ ಹಲ್ಲು ಮೂಡಲಿ, ಆ ಹಲ್ಲುಗಳು ಉದುರಲಿ, ಮತ್ತೆ ಮೂಡಲಿ, ಕವಚ ತೊಡುವ ಪ್ರಾಯ ಬರಲಿ ಎಂದು ಗಡುವನ್ನು ದೂಡುತ್ತಾನೆ. ಆ ಒಂದೊಂದು ಗಡುವಿನಲ್ಲಿಯೂ ಸುಳ್ಳಿಗಿಂತ ಹೆಚ್ಚಾಗಿ ಪಿತೃಹೃದಯದ ಸಂಕಟವೇ ಕಾಣುತ್ತದಷ್ಟೆ. ಕಡೆಗೆ ದಾರಿಗಾಣದೆ ಮಗನನ್ನು ಕರೆದು ವಿಷಯವನ್ನು ತಿಳಿಸುತ್ತಾನೆ. ಆಗ ರೋಹಿತನು ಹೇಳಿದುದು ಒಂದೇ ಮಾತು: ಒಲ್ಲೆ. ಹಾಗೆಂದು ಬಿಲ್ಲನ್ನೆತ್ತಿಕೊಂಡು ಕಾಡಿಗೆ ನಡೆದುಬಿಡುತ್ತಾನೆ. ಹರಿಶ್ಚಂದ್ರನಿಗೆ ಹೊಟ್ಟೆ ಊದುವ ರೋಗ ಹಿಡಿಯುತ್ತದೆ. ತಂದೆಯ ಸುದ್ದಿ ಕೇಳಿ ರೋಹಿತನು ಊರಿಗೆ ಮರಳಹೊರಟಾಗಲೆಲ್ಲ ಇಂದ್ರನು ಮಾರುವೇಷದಲ್ಲಿ ಎದುರಾಗಿ, ನಿಲ್ಲಬೇಡ, ನಡೆಯುತ್ತಲೇ ಇರು ಎಂದು ಅವನನ್ನು ಮತ್ತೆ ಅರಣ್ಯಕ್ಕೆ ಕಳುಹುತ್ತಾನೆ. ಸಾಯಲೊಲ್ಲೆನೆಂದ ಮಗನನ್ನು ಆ ಪ್ರಾಚೀನ ಗ್ರಂಥ ನಿಂದಿಸುವುದಿಲ್ಲ, ಪಿತೃದ್ರೋಹಿಯೆಂದು ಜರೆಯುವುದಿಲ್ಲ. ದೇವರಾಜನೇ ಅವನ ಬೆಂಬಲಕ್ಕೆ ನಿಲ್ಲುತ್ತಾನೆ. ಮುಂದೆ ಆ ರೋಹಿತನೇ, ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಋಷಿಗೆ ನೂರು ಹಸುಗಳನ್ನು ಕೊಟ್ಟು ಅವನ ನಡುವಣ ಮಗನಾದ ಶುನಃಶೇಪನನ್ನು ತನ್ನ ಬದಲಿಗೆ ಕೊಂಡು ತರುತ್ತಾನೆಂಬುದು ಕಥೆಯ ಕಠೋರವಾದ ಭಾಗ. ಹಿರಿಯವನನ್ನು ತಂದೆ ಬಿಡಲೊಲ್ಲ, ಕಿರಿಯವನನ್ನು ತಾಯಿ ಬಿಡಲೊಲ್ಲಳು. ಇಬ್ಬರಿಗೂ ಬೇಡವಾದವನು ಮಧ್ಯದವನು. ಯೂಪಕ್ಕೆ ಕಟ್ಟಲು ಯಾರೂ ಮುಂದೆ ಬಾರದಿರಲು ಅಜೀಗರ್ತನೇ ಮತ್ತೆ ನೂರು ಹಸು ಪಡೆದು ಕಟ್ಟುತ್ತಾನೆ. ಇನ್ನೂ ನೂರು ಹಸು ಪಡೆದು ಕತ್ತಿಯನ್ನು ಮಸೆದುಕೊಂಡು ಬರುತ್ತಾನೆ. ಹುಡುಗನು ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಸ್ತುತಿಸುತ್ತ ಕಡೆಗೆ ಉಷೆಗೆ ಶರಣಾದಾಗ ಪಾಶಗಳು ತಾವಾಗಿ ಕಳಚುತ್ತವೆ, ದೊರೆಯ ರೋಗವೂ ಹರಿಯುತ್ತದೆ.

ವೇದಕಾಲದ ಈ ಕಥೆಯಿಂದ ಪುರಾಣದ ಹರಿಶ್ಚಂದ್ರನವರೆಗಿನ ದಾರಿ ಬಲು ದೀರ್ಘವಾದುದು. ಮಾರ್ಕಂಡೇಯ ಪುರಾಣದಲ್ಲಿ ಅವನು ಸತ್ಯದ ಮೂರ್ತಿಯಾಗುತ್ತಾನೆ; ಹದಿಮೂರನೆಯ ಶತಮಾನದ ಹಂಪೆಯ ರಾಘವಾಂಕನ ಕೈಯಲ್ಲಿ ಆ ಮೂರ್ತಿಗೆ ಪ್ರಾಣಪ್ರತಿಷ್ಠೆಯಾಗುತ್ತದೆ. ಸತ್ಯಕ್ಕೂ ಶಿವನಿಗೂ ಭೇದವಿಲ್ಲವೆಂಬುದು ರಾಘವಾಂಕನ ದರ್ಶನ. ಶಿವಭಕ್ತರನ್ನಲ್ಲದೆ ನರಪತಿಯನ್ನು ಹಾಡಬಹುದೆ ಎಂದು ಸೋದರಮಾವನೂ ಗುರುವೂ ಆದ ಹರಿಹರನು ಕೋಪಗೊಂಡನೆಂಬ ಐತಿಹ್ಯವಿದೆಯಷ್ಟೆ. ಸತ್ಯವೇ ಶಿವನಾದ ಪಕ್ಷದಲ್ಲಿ ಸತ್ಯವನ್ನು ಬಿಡದವನ ಚರಿತ್ರೆಯೂ ಶಿವಕಥೆಯೇ ಎಂಬುದು ಕಾವ್ಯವೇ ಕೊಡುವ ಉತ್ತರ. ಆದರೆ ಆ ಮಹಾಕವಿ ತನ್ನ ನಾಯಕನನ್ನು ಕುರುಡಾಗಿ ಪೂಜಿಸಲಿಲ್ಲ. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಅನಾಮಿಕ, ಎಂದರೆ ಅಸ್ಪೃಶ್ಯರೆನಿಸಿದ, ಕನ್ಯೆಯರು ಹಾಡಿ ಕುಣಿದು ರಾಜನನ್ನು ಮೆಚ್ಚಿಸಿ, ನಮ್ಮನ್ನು ವರಿಸು ಎಂದು ಬೇಡಿದಾಗ ಹರಿಶ್ಚಂದ್ರನು ಕುಲದ ಮಾತನ್ನೆತ್ತಿ ನಿರಾಕರಿಸುತ್ತಾನೆ. ನಮ್ಮ ಹಾಡನ್ನು ಸವಿದ ಕಿವಿಗೂ ನಮ್ಮ ರೂಪವನ್ನು ಕಂಡ ಕಣ್ಣಿಗೂ ತಗಲದ ದೋಷ ಸ್ಪರ್ಶಮಾತ್ರಕ್ಕೆ ಏಕೆ ತಗಲುವುದೆಂದು ಅವರು ಕೇಳುವ ಪ್ರಶ್ನೆಗೆ ರಾಜನ ಬಳಿ ಸಮರ್ಪಕವಾದ ಉತ್ತರವಿಲ್ಲ. ರಾಜ್ಯವನ್ನಾದರೂ ಕೊಟ್ಟೇನು, ಕುಲವನ್ನು ಕೆಡಿಸಿಕೊಳ್ಳೆನೆಂದು ರಾಜ್ಯವನ್ನು ಕೊಟ್ಟುಬಿಡುತ್ತಾನೆ. ಅದೇ ಹರಿಶ್ಚಂದ್ರನು, ವಿಶ್ವಾಮಿತ್ರನಿಗೆ ಸಲ್ಲಬೇಕಾದ ಹಣವನ್ನು ತೀರಿಸಲು, ಕಾಶಿಯಲ್ಲಿ ಸುಡುಗಾಡಿನ ಒಡೆಯನಾದ ವೀರಬಾಹುವಿಗೆ ಆಳಾಗಿ ನಿಲ್ಲುವನು. ಯಾವ ಹೆಮ್ಮೆಯಿಂದ ಕಷ್ಟದ ಸರಪಳಿ ಆರಂಭವಾಯಿತೋ ಆ ಹೆಮ್ಮೆಯೇ ಮೊದಲು ಸುಟ್ಟುಹೋಗುವಂತೆ ಕವಿ ಕಥೆಯನ್ನು ಕಟ್ಟಿದ್ದಾನೆ. ಚಿತ್ರದಲ್ಲಿ ವೀರಬಾಹುವಿನ ಬಾಯಲ್ಲಿ ಬರುವ, ಘಂಟಸಾಲರ ಕಂಠದಲ್ಲಿ ಮೊಳಗುವ, ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡು ನಾಡಿನ ಮೂಲೆಮೂಲೆಯಲ್ಲಿ ನಿಂತುಬಿಟ್ಟುದು ಸಂಗೀತದ ಬಲದಿಂದ ಮಾತ್ರವಲ್ಲ. ಕಥೆಯ ಹೃದಯಸ್ಥಾನವನ್ನು ಕೃಷ್ಣಮೂರ್ತಿಯವರು ಸರಿಯಾಗಿ ಗುರುತಿಸಿದ್ದರಿಂದ.

ಹಾಗಾದರೆ ಲೋಹಿತಾಶ್ವನ ವಿಷಯದಲ್ಲಿ ಕಾವ್ಯವೂ ಚಿತ್ರವೂ ಏನು ಹೇಳುತ್ತವೆ? ಇಲ್ಲಿ ನಾನು ನನ್ನ ಸೀಮೆಯ ನೆನಪನ್ನು ತರದೆ ಮುಂದುವರಿಯಲಾರೆ. ಸಾಲ ತೀರಿಸಲಾರದ ತಂದೆ ಮಗನನ್ನು ಪರರ ಮನೆಯಲ್ಲಿ ದುಡಿಯಲು ಬಿಡುವುದು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ, ವಿಶೇಷವಾಗಿ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಕಟ್ಟುಕಥೆಯಾಗಿರಲಿಲ್ಲ. ಮದುವೆಗೋ ಕಾಯಿಲೆಗೋ ಎಂದು ತಂದ ಅಲ್ಪ ಹಣಕ್ಕೆ ಬಡ್ಡಿಯ ಬದಲಾಗಿ ಹುಡುಗನನ್ನು ಜೀತಕ್ಕಿಡುತ್ತಿದ್ದರು. ಬೆಳಕು ಹರಿಯುವ ಮೊದಲೇ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ದನಗಳನ್ನು ಕಾಡಿಗೆ ಅಟ್ಟಿಕೊಂಡು ಹೋಗಿ, ಕತ್ತಲಾದ ಮೇಲೆ ಒಡೆಯನ ಮನೆಯ ಹಿತ್ತಿಲಲ್ಲಿ ಮುದ್ದೆಯುಂಡು ಮಲಗುವ ಆ ಹುಡುಗರು, ಅಸಲು ಎಷ್ಟು, ಬಡ್ಡಿ ಎಷ್ಟು, ಬಿಡುಗಡೆ ಯಾವಾಗ ಎಂಬುದೊಂದನ್ನೂ ಅರಿಯದೆ ಮೀಸೆ ಮೂಡುವವರೆಗೂ ದುಡಿಯುತ್ತಿದ್ದರು. ದನದ ಹಿಂದೆ ಪೊದೆಗಳಲ್ಲಿ ನಡೆವ ಬರಿಗಾಲಿಗೆ ಹಾವು ಕಚ್ಚುವುದು ಅಲ್ಲಿ ಅಪರೂಪದ ವಾರ್ತೆಯಲ್ಲ. ಬ್ರಾಹ್ಮಣನ ಮನೆಗೆ ಸಮಿತ್ತು ದರ್ಭೆಗಳನ್ನು ತರಹೋಗಿ ಹುತ್ತದ ಬಳಿ ಕಚ್ಚಿಸಿಕೊಂಡ ಲೋಹಿತಾಶ್ವನನ್ನು ತೆರೆಯ ಮೇಲೆ ಕಂಡು ಡೇರೆಯಲ್ಲಿ ಹೆಂಗಸರು ಎದೆಬಿರಿಯೆ ಅತ್ತರೆಂದರೆ, ಅವರು ಅತ್ತುದು ಅಯೋಧ್ಯೆಯ ರಾಜಕುಮಾರನಿಗಾಗಿ ಮಾತ್ರವೇ ಇರಲಾರದು. ವಿಶ್ವಾಮಿತ್ರನ ಹಣ ವಸೂಲಿಗೆಂದು ಬೆನ್ನು ಹತ್ತಿದ ನಕ್ಷತ್ರಿಕನು ದೊಡ್ಡವರಿಗೆ ನಗೆಯ ಪಾತ್ರ; ಬಾಗಿಲಲ್ಲಿ ಸಾಲ ಕೊಟ್ಟವನನ್ನು ಕಂಡು ಬೆಳೆದ ಮಕ್ಕಳಿಗೆ ಅವನು ಅಷ್ಟು ನಗೆ ತರಿಸುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಿದರೆ ಅಪ್ರಸ್ತುತವಾಗಲಾರದು. ಕೃಷ್ಣಮೂರ್ತಿಯವರು ಹುಟ್ಟಿದ ಮರುವರ್ಷ, 1915ರಲ್ಲಿ ಜನಿಸಿದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು. ಒಂದೇ ಸೀಮೆಯ ಈ ಇಬ್ಬರಲ್ಲಿ ಒಬ್ಬರು ಸಾಲಕ್ಕಾಗಿ ಹೆಂಡತಿ ಮಕ್ಕಳು ಮಾರಾಟವಾಗುವ ಪುರಾಣವನ್ನು ನಾಡಿನ ಕಣ್ಣಿಗೆ ತಂದರು. ಇನ್ನೊಬ್ಬರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1976ರ ಋಣಪರಿಹಾರ ಕಾಯಿದೆಯಿಂದ ಬಡವರ ಕೈಸಾಲಗಳು ರದ್ದಾದುವು, ಅದೇ ವರ್ಷದ ಕೇಂದ್ರದ ಶಾಸನದಿಂದ ಜೀತವೆಂಬುದು ದಂಡನಾರ್ಹವಾದ ಅಪರಾಧವಾಯಿತು. ಶಾಸನ ಬಂದೊಡನೆ ಎಲ್ಲ ಕೊಟ್ಟಿಗೆಗಳಿಂದಲೂ ಎಲ್ಲ ಹುಡುಗರೂ ಹೊರಬಂದರೆಂದು ನಾನು ಹೇಳೆನು. ಆದರೆ ತಂದೆಯ ಸಾಲ ಮಗನ ದೇಹದ ಮೇಲೆ ನಿಲ್ಲದೆಂದು ರಾಜ್ಯವೊಂದು ಸಾರಿ ಹೇಳಿತಲ್ಲ, ಅದು ಧರ್ಮದ ಇತಿಹಾಸದಲ್ಲಿ ಸಣ್ಣ ಮಾತಲ್ಲ. ಪುರಾಣವು ಪರೀಕ್ಷೆಯೆಂದು ಕರೆದುದನ್ನು ಶಾಸನವು ಅನ್ಯಾಯವೆಂದು ಕರೆಯಿತು. ಇವೆರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರ?

ಸಂಪ್ರದಾಯದ ಪಕ್ಷದಲ್ಲಿ ಆಡಬೇಕಾದ ಮಾತುಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಲಾಗದು. ಸತಿಪತಿಪುತ್ರರು ಬೇರೆಬೇರೆ ವ್ಯಕ್ತಿಗಳೆಂಬ ಭಾವನೆ ಆ ಕಾಲದ ಧರ್ಮಕ್ಕೆ ಪರಕೀಯವಾದುದು. ಕುಟುಂಬವೆಂಬುದು ಒಂದೇ ಶರೀರ, ಯಜಮಾನನ ವ್ರತ ಆ ಶರೀರಕ್ಕೆಲ್ಲ ವ್ರತ, ಆದುದರಿಂದ ಇಲ್ಲಿ ಒಬ್ಬನು ಮಾಡಿ ಇನ್ನೊಬ್ಬನು ತೆತ್ತನೆಂಬ ಲೆಕ್ಕವೇ ಸಲ್ಲದೆಂದು ಶ್ರದ್ಧಾವಂತನು ಹೇಳಬಹುದು. ಚಂದ್ರಮತಿಯ ಮಟ್ಟಿಗೆ ಇದು ಬಹುಮಟ್ಟಿಗೆ ನಿಜವೂ ಹೌದು. ಮಾರ್ಕಂಡೇಯ ಪುರಾಣದಲ್ಲಿ, ನನ್ನನ್ನು ಮಾರಿ ಋಷಿಯ ಋಣವನ್ನು ತೀರಿಸು ಎಂದು ಮೊದಲು ನುಡಿಯುವವಳು ರಾಣಿಯೇ. ರಾಘವಾಂಕನ ಕಾವ್ಯದ ಕಡೆಯಲ್ಲಿ ಪತಿಯ ಖಡ್ಗಕ್ಕೆ ಕೊರಳೊಡ್ಡಿ, ಕೈ ನಡುಗದೆ ಹೊಡೆ ಎಂಬಂತೆ ನಿಲ್ಲುವವಳೂ ಅವಳೇ. ಹರಿಶ್ಚಂದ್ರನ ಸತ್ಯದಲ್ಲಿ ಅರ್ಧ ಅವಳದು. ನನ್ನನ್ನು ಕೇಳಿದರೆ ಅರ್ಧಕ್ಕಿಂತಲೂ ಹೆಚ್ಚು. ಪಂಡರೀಬಾಯಿಯವರ ಮುಖದಲ್ಲಿ ಆ ಸಮ್ಮತಿ ಎಷ್ಟು ಶಾಂತವಾಗಿ ಮೂಡುತ್ತದೆಂದರೆ, ಅದನ್ನು ದಾಸ್ಯವೆಂದು ಕರೆಯಲು ಯಾವ ವಿಚಾರವಾದಿಗೂ ಬಾಯಿ ಬರಲಾರದು. ಆದರೆ ಮಗುವಿನ ಮಾತೇನು? ತಾಯಿಯನ್ನು ಕೊಂಡ ಬ್ರಾಹ್ಮಣನು ಅವಳನ್ನು ಎಳೆದೊಯ್ಯುವಾಗ ಅವಳ ಸೆರಗನ್ನು ಹಿಡಿದು ಅಳುತ್ತ ಹೋಗುವ ಕೂಸು. ಇವನನ್ನೂ ಕೊಳ್ಳು ಎಂದು ತಾಯಿಯೇ ಅಂಗಲಾಚುತ್ತಾಳೆ, ಅದಕ್ಕೂ ಹಣ ಸಲ್ಲುತ್ತದೆ. ಮಗು ತಾಯಿಯ ಸೆರಗನ್ನು ಹಿಡಿದುದೇ ಅದರ ಸಮ್ಮತಿಯೆನ್ನೋಣವೆ? ಅದು ಸತ್ಯವನ್ನು ಹಿಡಿದುದಲ್ಲ, ತಾಯಿಯನ್ನು ಹಿಡಿದುದು.

ನಮ್ಮೂರುಗಳ ಮುಸಲ್ಮಾನ ಬಂಧುಗಳು ಬಕ್ರೀದಿನಂದು ಸ್ಮರಿಸುವ ಇಬ್ರಾಹಿಮರ ಕಥೆಯಲ್ಲಿ ಒಂದು ಸೂಕ್ಷ್ಮವಾದ ಅಂಶವಿದೆ. ಮಗನನ್ನು ಬಲಿಗೊಡುವಂತೆ ಕನಸು ಕಂಡ ಇಬ್ರಾಹಿಮರು, ಕುರಾನಿನ ಪ್ರಕಾರ, ಆ ಕನಸನ್ನು ಮಗನಿಗೇ ತಿಳಿಸಿ, ನಿನಗೇನನ್ನಿಸುತ್ತದೆಂದು ಕೇಳುತ್ತಾರೆ. ನಿಮಗೆ ಆದ ಆಜ್ಞೆಯನ್ನು ನಡೆಸಿರಿ ಎಂದು ಮಗನು ಒಪ್ಪಿದ ಮೇಲೆ ಇಬ್ಬರೂ ಕೂಡಿ ಶರಣಾಗುತ್ತಾರೆ. ತಂದೆಯ ಮಾತನ್ನು ಮೀರಲಾರದ ಪ್ರಾಯದಲ್ಲಿ ಕೊಟ್ಟ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆಯೆಂದು ಇಲ್ಲಿಯೂ ಕೇಳಬಹುದಾದರೂ, ಕೇಳುವುದಕ್ಕೂ ಕೇಳದಿರುವುದಕ್ಕೂ ಬಹಳ ಅಂತರವಿದೆ. ನಮ್ಮ ಕಾಲಕ್ಕೆ ಹತ್ತಿರವಾದ ನಿದರ್ಶನವೆಂದರೆ ಗಾಂಧೀಜಿಯವರದು. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ಕಂಡು, ಅದನ್ನು ಮನಸ್ಸಿನಲ್ಲಿಯೇ ಮತ್ತೆ ಮತ್ತೆ ಅಭಿನಯಿಸಿ ಕಣ್ಣೀರಿಟ್ಟು, ಎಲ್ಲರೂ ಹರಿಶ್ಚಂದ್ರನಂತೆ ಏಕೆ ಸತ್ಯವಂತರಾಗಬಾರದೆಂದು ಹಗಲಿರುಳು ಕೇಳಿಕೊಂಡೆನೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಮುಂದೆ ಅವರ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಜ್ವರ ಬಂದ ಪ್ರಸಂಗವಿದೆ. ಮೊಟ್ಟೆಯನ್ನೂ ಕೋಳಿಯ ಸಾರನ್ನೂ ಕೊಡಬೇಕೆಂದು ವೈದ್ಯರು ಹೇಳಿದಾಗ ವ್ರತನಿಷ್ಠನಾದ ತಂದೆ ಒಪ್ಪಲಿಲ್ಲ. ಆದರೆ ಮಗನಿಗೆ ವಿಷಯವನ್ನು ತಿಳಿಸಿ, ಅವನ ಅಭಿಪ್ರಾಯವನ್ನು ಕೇಳಿ, ಅನಂತರವೇ ಜಲಚಿಕಿತ್ಸೆಯನ್ನು ಆರಂಭಿಸಿದರು. ಜ್ವರ ಇಳಿಯದ ಆ ರಾತ್ರಿ, ಮಗನ ಮೇಲೆ ನನ್ನ ನಂಬಿಕೆಗಳನ್ನು ಹೇರಲು ನನಗೇನು ಅಧಿಕಾರವೆಂದು ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತ, ರಾಮನಾಮವನ್ನು ಜಪಿಸುತ್ತ ಮುಂಬಯಿಯ ಬೀದಿಗಳಲ್ಲಿ ಅವರು ಅಲೆದರು. ಮಗನು ಬದುಕಿದನು. ಬದುಕಿದುದು ದೇವರ ಕೃಪೆಯಿಂದಲೋ ಚಿಕಿತ್ಸೆಯಿಂದಲೋ ಶುಶ್ರೂಷೆಯಿಂದಲೋ ಯಾರು ನಿರ್ಣಯಿಸಬಲ್ಲರೆಂದು ಅವರು ಕೇಳುತ್ತಾರೆ. ಹಿರಿಯ ಮಗ ಹರಿಲಾಲನ ಬಾಳಿನಲ್ಲಿಯಾದರೋ ತಂದೆಯ ಆದರ್ಶ ಹಾಕಿದ ನೆರಳು ಕಡೆಯವರೆಗೂ ಸರಿಯಲಿಲ್ಲ; ತಂದೆ ಮಡಿದ ಕೆಲವೇ ತಿಂಗಳಲ್ಲಿ, 1948ರ ಜೂನಿನಲ್ಲಿ, ಅವನೂ ತೀರಿಕೊಂಡನು. ಹರಿಶ್ಚಂದ್ರನಾಗಬೇಕೆಂದು ನಿಜವಾಗಿ ಹೊರಟವರ ಮನೆಯಲ್ಲಿ ಲೋಹಿತಾಶ್ವನ ಪ್ರಶ್ನೆ ಏಳದಿರದು.

ನನ್ನ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪರರು ಬೆಲೆ ತೆರುತ್ತಿರುವವರೆಗೆ ಸತ್ಯವು ಇನ್ನೂ ಪ್ರತಿಷ್ಠೆಯೇ. ಅದು ಸತ್ಯವಾಗುವುದು ಬೆಲೆ ತನ್ನ ಎದೆಯೊಳಗಿಂದಲೇ ಹೊರಡುವಾಗ. ಅಯೋಧ್ಯೆಯಿಂದ ಕಾಶಿಯವರೆಗಿನ ಹರಿಶ್ಚಂದ್ರನಲ್ಲಿ ರಾಜನ ಮಾತಿನ ಗೌರವವಿದೆ, ಕುಲದ ಅಭಿಮಾನವಿದೆ, ಅವನು ಸತ್ಯವನ್ನು ಬಿಡನೆಂದು ವಸಿಷ್ಠನು ವಿಶ್ವಾಮಿತ್ರನೊಡನೆ ಕಟ್ಟಿದ ಪಂತ ಸೋಲಬಾರದೆಂಬ, ಅವನಿಗೇ ಅಜ್ಞಾತವಾದ ದೈವಯೋಜನೆಯೂ ಇದೆ. ಸುಡುಗಾಡಿನ ಹರಿಶ್ಚಂದ್ರನು ಬೇರೆಯೇ ಮನುಷ್ಯ. ಅಲ್ಲಿ ಅವನಿಗೆ ಹೆಸರಿಲ್ಲ, ಕುಲವಿಲ್ಲ, ನೋಡುವವರಿಲ್ಲ. ಹೆಣ ಸುಡಲು ಬಂದವರಿಂದ ಒಡೆಯನಿಗಾಗಿ ಪಡೆಯಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟಿದ್ದರೆ ವೀರಬಾಹುವಿಗೆ ಅದು ತಿಳಿಯುವ ಸಂಭವವೂ ಕಡಮೆ. ಎದುರಿಗೆ ಇರುವುದು ತನ್ನ ಮಗನ ಹೆಣ, ಕೇಳಬೇಕಾದುದು ತನ್ನ ಹೆಂಡತಿಯನ್ನು. ಕೇಳುತ್ತಾನೆ. ಆ ಕ್ಷಣದಲ್ಲಿ ರಾಜ್‌ಕುಮಾರರ ಧ್ವನಿ ಒಡೆಯುವ ರೀತಿ, ಒಡೆದ ಧ್ವನಿಯನ್ನು ಅವರು ಮತ್ತೆ ಕೂಡಿಸಿಕೊಳ್ಳುವ ರೀತಿ, ಎಷ್ಟು ಸಲ ನೋಡಿದರೂ ನನ್ನನ್ನು ಅಲುಗಿಸುತ್ತದೆ. ರಾಘವಾಂಕನ ಹರನು ಇರುವುದಾದರೆ ಆ ಒಡಕಿನಲ್ಲಿ ಇದ್ದಾನೆ. ಆದರೂ, ಅಷ್ಟು ಹೊತ್ತಿಗಾಗಲೇ ಮಗು ಸತ್ತಿದೆಯೆಂಬುದನ್ನು ನಾನು ಮರೆಯಲಾರೆ. ತಂದೆಯ ಸತ್ಯ ಪಕ್ವವಾಗಲು ಇಷ್ಟು ತಡವಾಯಿತು. ಆ ತಡಕ್ಕೆ ಬೆಲೆಯಾದವನು ಲೋಹಿತಾಶ್ವ.

ಅನಂತರ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ, ಹೂಮಳೆಯಾಗುತ್ತದೆ, ಹುಡುಗನು ನಿದ್ದೆಯಿಂದೆದ್ದವನಂತೆ ಕಣ್ಣು ತೆರೆಯುತ್ತಾನೆ. ಈ ಮುಕ್ತಾಯವನ್ನು ತೆಗೆದುಬಿಡಬೇಕೆಂದು ವಾದಿಸುವ ವಿಚಾರವಂತರನ್ನು ಬಲ್ಲೆ. ಅವರೊಡನೆ ನಾನು ಸೇರಲಾರೆ. ಡೇರೆಯಲ್ಲಿ ಅಳುತ್ತಿದ್ದ ಮಕ್ಕಳಿಗೆ ಆ ಪುನರ್ಜೀವನ ಅತ್ಯಗತ್ಯವಾಗಿತ್ತು. ಲೋಕದ ತಳದಲ್ಲಿ ಕರುಣೆಯಿದೆಯೆಂಬ ವಿಶ್ವಾಸವಿಲ್ಲದೆ ಮಗುವೊಂದು ಆ ರಾತ್ರಿ ಮನೆಗೆ ಹೋಗಿ ಮಲಗಬಾರದು. ಆದರೆ ದೊಡ್ಡವರಾದ ನಾವು ಆ ಕರುಣೆಯನ್ನು ರಸೀತಿಯಂತೆ ಬಳಸಿ, ಮಗು ಎದ್ದಿತಲ್ಲ, ಇನ್ನು ಲೆಕ್ಕ ಚುಕ್ತಾ ಆಯಿತೆಂದು ಹೇಳಿಬಿಡುವುದು ಧರ್ಮವಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನೆಂಬ ಶಿವನಿದ್ದಾನೆ. ಸಿಡಿಲು ಆ ದೇವರ ಮೇಲೆಯೇ ಎರಗುವುದೆಂದು ಜನರ ನಂಬಿಕೆ. ಎಲ್ಲ ಮುಗಿದ ಮೇಲೆ ಹೂಮಳೆಯೊಡನೆ ಬರುವ ಶಿವನಿಗಿಂತ, ಹೊಡೆತವನ್ನು ತನ್ನ ಮೇಲೆಯೇ ಬರಮಾಡಿಕೊಳ್ಳುವ ಈ ಶಿವನಲ್ಲಿ ನನಗೆ ಹೆಚ್ಚಿನ ಭರವಸೆ. ನಮ್ಮ ರೈತರು ಕಂಡುಕೊಂಡ ಈ ದೇವರನ್ನು ನಮ್ಮ ಪುರಾಣಕಾರರು ಇನ್ನಷ್ಟು ಗಮನಿಸಬಹುದಾಗಿತ್ತು.

ಉಳಿದು ಬದುಕಿದ ಮಗನು ಏನು ಹೇಳಬಹುದೆಂಬುದಕ್ಕೆ ಐತರೇಯದಲ್ಲಿಯೇ ಒಂದು ಉತ್ತರವಿದೆ. ಪಾಶಗಳಿಂದ ಬಿಡುಗಡೆಯಾದ ಶುನಃಶೇಪನು ಯಜ್ಞದ ಹೋತೃವಾಗಿದ್ದ ವಿಶ್ವಾಮಿತ್ರನ ತೊಡೆಯೇರಿ ಕುಳಿತುಬಿಡುತ್ತಾನೆ. ಪುರಾಣದಲ್ಲಿ ಲೋಹಿತಾಶ್ವನ ಸಾವಿಗೆ ಕಾರಣನಾದ ಅದೇ ವಿಶ್ವಾಮಿತ್ರ. ಅಜೀಗರ್ತನು ಬಂದು ಮಗನನ್ನು ಹಿಂದಿರುಗಿಸೆಂದು ಕೇಳುತ್ತಾನೆ. ದೇವತೆಗಳು ನನಗೆ ಕೊಟ್ಟವನು ಇವನೆಂದು ವಿಶ್ವಾಮಿತ್ರನು ಬಿಟ್ಟುಕೊಡುವುದಿಲ್ಲ. ಮಾಡಿದುದಕ್ಕೆ ಪಶ್ಚಾತ್ತಾಪವಾಗಿದೆ, ಪಡೆದ ಹಸುಗಳೆಲ್ಲ ನಿನ್ನವೇ, ಮನೆಗೆ ಬಾ ಎಂದು ತಂದೆ ಮಗನನ್ನೇ ಬೇಡಿಕೊಂಡರೆ, ಮುನ್ನೂರು ಹಸುಗಳನ್ನು ನನಗಿಂತ ಹೆಚ್ಚೆಂದು ಎಣಿಸಿದೆ, ನೀನು ಕತ್ತಿ ಹಿಡಿದು ನಿಂತುದನ್ನು ಎಲ್ಲರೂ ನೋಡಿದ್ದಾರೆ, ಅದು ಸರಿಪಡಿಸಲಾಗದ ಕೃತ್ಯವೆಂದು ಆ ಹುಡುಗನು ತಂದೆಯ ಮುಖದ ಮೇಲೆ ಹೇಳಿ, ದೇವರಾತನೆಂಬ ಹೆಸರಿನಿಂದ ವಿಶ್ವಾಮಿತ್ರನ ಜ್ಯೇಷ್ಠಪುತ್ರನಾಗುತ್ತಾನೆ. ಹರಿಶ್ಚಂದ್ರನು ಅಜೀಗರ್ತನಲ್ಲ, ಲೋಭದಿಂದ ಮಾರಿದವನಲ್ಲವೆಂಬುದನ್ನು ನಾನು ಬಲ್ಲೆ. ಲೋಹಿತಾಶ್ವನು ಹಾಗೆ ಕಠಿಣವಾಗಿ ನುಡಿಯಬೇಕೆಂಬುದೂ ನನ್ನ ಆಶಯವಲ್ಲ. ಕ್ಷಮಿಸಲಿ, ತಂದೆಯನ್ನು ಅಪ್ಪಿಕೊಳ್ಳಲಿ. ಆದರೆ ಅದಕ್ಕೆ ಮೊದಲು ಅವನಿಗೂ ಒಂದು ಮಾತಿರಲಿ. 1913ರಲ್ಲಿ ಫಾಲ್ಕೆಯವರು ಈ ದೇಶದ ಮೊದಲ ಕಥಾಚಿತ್ರವಾಗಿ ‘ರಾಜಾ ಹರಿಶ್ಚಂದ್ರ’ವನ್ನು ತೆಗೆದಾಗ ಆ ಪಾತ್ರಕ್ಕೆ ತಮ್ಮ ಮಗನಾದ ಭಾಲಚಂದ್ರನನ್ನೇ ನಿಲ್ಲಿಸಿದರು, ಅದು ಮೂಕಿಚಿತ್ರವಾದುದರಿಂದ ಹುಡುಗನು ಮಾತಾಡುವಂತಿರಲಿಲ್ಲ. 1965ರ ಹೊತ್ತಿಗೆ ತೆರೆಗೆ ಮಾತೂ ಹಾಡೂ ಬಂದಿದ್ದುವು, ಆದರೂ ಕಣ್ಣು ತೆರೆದ ಲೋಹಿತಾಶ್ವನಿಗೆ ಕೊಟ್ಟುದು ಆನಂದದ ಆಲಿಂಗನವೊಂದನ್ನೇ. ಮುಂದೆ ಕನ್ನಡದಲ್ಲಿ ಈ ಕಥೆಯನ್ನು ಮತ್ತೆ ತೆರೆಗೆ ತರುವವರು, ಹೂಮಳೆ ಸುರಿಯುವ ಮುನ್ನ, ಕಾಶಿಯ ಬೀದಿಯಲ್ಲಿ ತನ್ನನ್ನು ಮಾರುವಾಗ ತನ್ನನ್ನೇಕೆ ಕೇಳಲಿಲ್ಲವೆಂದು ಅವನು ತಂದೆಯನ್ನು ಕೇಳುವಂತೆಯೂ, ಹರಿಶ್ಚಂದ್ರನು ಎಂದಿನಂತೆ ಸತ್ಯವನ್ನೇ ಉತ್ತರವಾಗಿ ಹೇಳುವಂತೆಯೂ ಒಂದು ದೃಶ್ಯವನ್ನು ಬರೆಯಲೆಂದು ನಾನು ಬೇಡಿಕೊಳ್ಳುತ್ತೇನೆ.